ದಾಮಾಶಾ: ಕೊರತೆಯ ನೀರನ್ನು ಹಂಚಿಕೊಂಡ ಬಗೆ

ಬೆಂಗಳೂರು ಮಹಾನದಿಯ ದಂಡೆಯ ಮೇಲೆ ಬೆಳೆದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಈ ಪ್ರದೇಶದಲ್ಲಿ ಬಿದ್ದ ಮಳೆಯು ಪಶ್ಚಿಮಕ್ಕೆ ಅರ್ಕಾವತಿಯ ಕಡೆಗೂ ಪೂರ್ವಕ್ಕೆ ದಕ್ಷಿಣ ಪಿನಾಕಿನಿಯ ಕಡೆಗೂ ಇಳಿದು ಹೋಗುತ್ತದೆ. ಹೀಗೆ ಇಳಿದು ಹೋಗುವ ನೀರನ್ನು ತಗ್ಗು ಪ್ರದೇಶಗಳಲ್ಲಿ ಏರಿ ಕಟ್ಟಿ ನಿಲ್ಲಿಸಿಕೊಂಡು ಬದುಕುವ ವಿದ್ಯೆಯನ್ನು ಇಲ್ಲಿಯ ಜನರು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿಕೊಂಡಿದ್ದರು. ನಗರದ ವಾಯವ್ಯ ಅಂಚಿನಲ್ಲಿ, ಹೆಸರಘಟ್ಟದ ಹಾದಿಯಲ್ಲಿರುವ ಚಿಕ್ಕಬಾಣಾವರವು ಅಂತಹ ಊರುಗಳಲ್ಲೊಂದು. ಅದು ಅರ್ಕಾವತಿಯ ಕಡೆಗೆ ಇಳಿಯುವ ಪಾರ್ಶ್ವದಲ್ಲಿದೆ. ಅದಕ್ಕೆ ತನ್ನದೇ ಆದ ಕೆರೆಯಿದೆ. ಪೀಣ್ಯದ ಕಾರ್ಖಾನೆಗಳೂ ಹೊಸ ಬಡಾವಣೆಗಳೂ ಇಂದು ಅದರ ಸಮೀಪಕ್ಕೆ ಬಂದಿವೆ. ಕೆರೆಯ ನೀರಿನಿಂದ ಗದ್ದೆ ಬೆಳೆಯುತ್ತಿದ್ದ ಕಾಲವು ಹಿರಿಯರ ನೆನಪಿಗೆ ಮಾತ್ರ ಉಳಿದಿದೆ.

ಕೆರೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಿಸಿದವರ ಕೀರ್ತಿಯನ್ನೂ ಏರಿಯ ಉದ್ದವನ್ನೂ ಹೇಳಿ ಮುಗಿಸುತ್ತಾರೆ. ಕೆರೆ ತುಂಬಿದ ವರ್ಷದಲ್ಲಿ ನೀರಿನ ಹಕ್ಕಿನ ಪ್ರಶ್ನೆಯೇ ಏಳುವುದಿಲ್ಲ. ಎಲ್ಲರಿಗೂ ಸಾಕಾಗಿ ಮಿಕ್ಕದ್ದು ಕೋಡಿಯಲ್ಲಿ ಹರಿಯುತ್ತದೆ. ಕೆರೆ ಅರ್ಧವೇ ತುಂಬಿದ ವರ್ಷದಲ್ಲಿ ಯಾರಿಗೆ ಎಷ್ಟು ನೀರು ಎಂಬುದನ್ನು ನಿರ್ಣಯಿಸಿದ ಬಗೆ ಯಾವುದು? ಆ ನಿರ್ಣಯಕ್ಕೆ ಎಲ್ಲರೂ ಒಪ್ಪಿ ನಡೆದದ್ದು ಹೇಗೆ? ಒಂದು ಸಮಾಜದ ನೀತಿಯನ್ನು ಅಳೆಯಲು ಈ ಪ್ರಶ್ನೆಗಳೇ ಸರಿಯಾದ ಕೊಳಗಗಳು.

ಕೆರೆಯ ಅಂಗಗಳು ಮತ್ತು ಋತುಮಾನ

ಬೆಂಗಳೂರು ಸೀಮೆಯಲ್ಲಿ ಮಳೆಯು ಮುಂಗಾರು ಹಿಂಗಾರು ಎರಡರಲ್ಲಿಯೂ ಬೀಳುವುದಾದರೂ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅದು ಅಧಿಕ. ಆದ್ದರಿಂದ ಕೆರೆಗಳು ತುಂಬುವುದು ಬಹುಮಟ್ಟಿಗೆ ಭಾದ್ರಪದ, ಆಶ್ವಯುಜ ಮಾಸಗಳಲ್ಲಿ. ಕಾರ್ತೀಕದ ವೇಳೆಗೆ ಆ ವರ್ಷದ ಸಂಗ್ರಹ ಎಷ್ಟೆಂಬುದು ಊರಿಗೆಲ್ಲ ತಿಳಿದುಹೋಗುತ್ತದೆ. ಮುಂದಿನ ಮಳೆಯವರೆಗೆ ಸುಮಾರು ಏಳು ತಿಂಗಳ ಕಾಲ ಆ ಸಂಗ್ರಹವೇ ಆಧಾರ. ಅದರಲ್ಲಿಯೇ ಬೇಸಿಗೆಯ ಬಿಸಿಲಿಗೆ ಆರಿಹೋಗುವ ನೀರು, ನೆಲಕ್ಕೆ ಇಂಗಿ ಬಾವಿಗಳನ್ನು ತುಂಬುವ ನೀರು, ದನಕರುಗಳಿಗೆ ಬೇಕಾದ ನೀರು ಇವೆಲ್ಲವನ್ನೂ ಕಳೆದು ಉಳಿದದ್ದನ್ನು ಬೆಳೆಗೆ ಕೊಡಬೇಕಾಗಿತ್ತು.

ಕೆರೆಗೆ ನಾಲ್ಕು ಮುಖ್ಯ ಅಂಗಗಳು. ನೀರನ್ನು ತರುವ ಕಾಲುವೆಗಳು, ನೀರನ್ನು ತಡೆಯುವ ಏರಿ, ಬೇಕಾದಾಗ ಬೇಕಾದಷ್ಟನ್ನು ಬಿಡುವ ತೂಬು, ಹೆಚ್ಚಾದದ್ದನ್ನು ಕೆಳಗಿನ ಕೆರೆಗೆ ಒಪ್ಪಿಸುವ ಕೋಡಿ. ತೂಬಿನ ಕೆಳಗೆ ನೀರು ಪಡೆಯುವ ಗದ್ದೆಗಳ ಸಮೂಹವೇ ಅಚ್ಚುಕಟ್ಟು. ಈ ಪೈಕಿ ತೂಬು ಒಂದು ಊರಿನೊಳಗಿನ ಹಕ್ಕನ್ನು ಗೊತ್ತುಪಡಿಸಿದರೆ, ಕೋಡಿಯು ಊರು ಊರುಗಳ ನಡುವಿನ ಹಕ್ಕನ್ನು ಗೊತ್ತುಪಡಿಸುತ್ತದೆ. ಮೇಲಿನ ಊರಿನವರು ತಮ್ಮ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ತಮ್ಮ ಕೆರೆಯ ಹಿನ್ನೀರಿನ ಹೊಲಗಳು ಮುಳುಗುತ್ತವೆ, ಕೆಳಗಿನ ಊರಿನ ಕೆರೆಗೆ ನೀರು ತಡವಾಗಿ ಬರುತ್ತದೆ ಇಲ್ಲವೆ ಬರುವುದೇ ಇಲ್ಲ. ಸರಪಣಿಯಂತೆ ಒಂದರ ಕೆಳಗೊಂದು ಇರುವ ಕೆರೆಗಳಲ್ಲಿ ಕೋಡಿಯ ಕಲ್ಲು ಗಡಿಕಲ್ಲಿನಷ್ಟೇ ಮುಖ್ಯವಾದ ದಾಖಲೆ.

ಶಾಸನಗಳು ಹೇಳುವ ಹಕ್ಕು

ಬೆಂಗಳೂರಿನ ಆಗ್ನೇಯಕ್ಕಿರುವ ಅಗರದಲ್ಲಿ ಗಂಗರ ಕಾಲದ, ಕ್ರಿ.ಶ. 9ನೆಯ ಶತಮಾನದ ಶಾಸನವೊಂದು ದೊರೆತಿದೆ. ನಾಗತ್ತರನು ಆಳುತ್ತಿದ್ದಾಗ ಇರುಗಮಯ್ಯನ ಮಗ ಸಿರಿಮಯ್ಯನೆಂಬವನು ಎರಡು ಕೆರೆಗಳಿಗೆ ತೂಬುಗಳನ್ನು ಇಡಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿ, ಅದಕ್ಕಾಗಿ ಬಿತ್ತುವಟ್ಟವನ್ನು ಪಡೆದನೆಂಬುದು ಅದರಿಂದ ತಿಳಿದುಬರುತ್ತದೆ. ಈ ನಾಗತ್ತರನ ಹೆಸರು ಸಮೀಪದ ಬೇಗೂರಿನ ಶಾಸನಗಳಲ್ಲಿಯೂ ಬರುತ್ತದೆ. ಬೇಗೂರಿನಲ್ಲಿ ಪ್ರಾಚೀನ ಬಸದಿಯ ಅವಶೇಷಗಳು ಇರುವುದನ್ನು ಓದುಗರು ಬಲ್ಲರು.

ಬಿತ್ತುವಟ್ಟವೆಂದರೆ ಕೆರೆಯನ್ನು ಕಟ್ಟಿಸಿದವನಿಗೆ, ದುರಸ್ತಿ ಮಾಡಿಸಿದವನಿಗೆ ಇಲ್ಲವೆ ಅದನ್ನು ಕಾಪಾಡಿಕೊಂಡು ಬರುವವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿ ಅಥವಾ ಬೆಳೆಯಲ್ಲಿ ಬಿಟ್ಟುಕೊಟ್ಟ ಪಾಲು. ಕೆರೆಗೊಡಗೆ, ಕಟ್ಟುಗೊಡಗೆ, ದಶವಂದ ಎಂಬ ಹೆಸರುಗಳಿಂದ ನಡೆದುಬಂದ ದತ್ತಿಗಳ ಆಶಯವೂ ಇದೇ. ಈ ಏರ್ಪಾಟಿನಲ್ಲಿ ಒಂದು ಸೂಕ್ಷ್ಮವಿದೆ. ಪಾಲನ್ನು ಕೆರೆಯ ಕೆಳಗೇ ಕೊಟ್ಟಿರುವುದರಿಂದ ಕೆರೆ ಬತ್ತಿದರೆ ಕೆರೆ ಕಾಯುವವನ ಆದಾಯವೂ ಬತ್ತುತ್ತದೆ. ಏರಿಯ ಬಿರುಕನ್ನು ಮುಚ್ಚುವುದರಲ್ಲಿ, ಹೂಳನ್ನು ತೆಗೆಯಿಸುವುದರಲ್ಲಿ ಅವನ ಸ್ವಾರ್ಥವೂ ಊರಿನ ಹಿತವೂ ಒಂದೇ ಆಗಿರುತ್ತದೆ. ಹಕ್ಕನ್ನೂ ಹೊಣೆಯನ್ನೂ ಒಂದೇ ಪತ್ರದಲ್ಲಿ ಬರೆದಿಟ್ಟ ವ್ಯವಹಾರಜ್ಞಾನ ಇದಾಗಿದೆ.

ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ ಎರಡು ಶಾಸನಗಳನ್ನು ಇಲ್ಲಿ ಒಟ್ಟಿಗೆ ಓದಬಹುದು. ಕ್ರಿ.ಶ. 1368ರ ಶ್ರವಣಬೆಳಗೊಳದ ಶಾಸನವು ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಉಂಟಾದ ವಿವಾದವನ್ನು ಅರಸನು ತೀರ್ಮಾನಿಸಿದ್ದನ್ನು ಹೇಳುತ್ತದೆ. ಅದರ ಸಾಮರಸ್ಯದ ಸಂದೇಶವು ಎಲ್ಲರಿಗೂ ಪರಿಚಿತ. ಅಷ್ಟಾಗಿ ಗಮನಕ್ಕೆ ಬಾರದ ಭಾಗವೆಂದರೆ ಅದರ ಲೆಕ್ಕಾಚಾರ. ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಅದರಿಂದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕೆಂದು ಅಲ್ಲಿ ವಿಧಿಸಲಾಗಿದೆ. ಹಕ್ಕನ್ನು ಘೋಷಿಸಿದ ಶಾಸನವೇ ಅದರ ರಕ್ಷಣೆಯ ವೆಚ್ಚವನ್ನು ಎಲ್ಲಿಂದ ತರಬೇಕೆಂಬುದನ್ನೂ ಹೇಳಿತು.

ಮರುವರ್ಷ, ಅಂದರೆ ಕ್ರಿ.ಶ. 1369ರಲ್ಲಿ, ಬುಕ್ಕನ ಮಗನಾದ ಭಾಸ್ಕರನು ಇಂದಿನ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದುದನ್ನು ಅಲ್ಲಿಯ ಶಾಸನ ತಿಳಿಸುತ್ತದೆ. ಪ್ರತಿದಿನ ಸಾವಿರ ಆಳುಗಳೂ ಏರಿಯ ಕಲ್ಲುಗೆಲಸಕ್ಕೆ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತು. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಈ ಶಾಸನ ಪಟ್ಟಿಮಾಡಿದೆ. ಏರಿಯಿಂದ ನೀರು ಸೋರುವುದು, ಚೌಳು ನೆಲ, ನಡುವೆ ದಿಬ್ಬ ಇರುವುದು ಇವು ಶಿಲ್ಪಿಯ ದೃಷ್ಟಿಯ ದೋಷಗಳು. ನೀರು ಕಡಿಮೆಯಾಗಿದ್ದು ಭೂಮಿ ವಿಸ್ತಾರವಾಗಿರುವುದು ಮತ್ತು ನೀರು ಹೆಚ್ಚಾಗಿದ್ದು ಭೂಮಿ ಅಲ್ಪವಾಗಿರುವುದು ಲೆಕ್ಕದ ದೋಷಗಳು. ಉಳಿದ ಒಂದು ದೋಷವು ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಒಂದು ಸಂಗ್ರಹಕ್ಕೆ ಇಬ್ಬರು ಒಡೆಯರಾದರೆ ಏರಿ ಎಷ್ಟು ಗಟ್ಟಿಯಾಗಿದ್ದರೂ ಕೆರೆ ಉಳಿಯದೆಂಬ ಅನುಭವವು ಆ ಕಾಲಕ್ಕಾಗಲೇ ಶಾಸ್ತ್ರವಾಗಿತ್ತು.

ದಾಮಾಶಾ ಪದ್ಧತಿ

ಕೊರತೆಯ ವರ್ಷದ ಹಂಚಿಕೆಗೆ ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ, ವಿಶೇಷವಾಗಿ ಕೋಲಾರದ ಕಡೆಯಲ್ಲಿ, ರೂಢಿಯಲ್ಲಿದ್ದ ಪದ್ಧತಿಗೆ ದಾಮಾಶಾ ಎಂದು ಹೆಸರು. ವ್ಯಾಪಾರಸ್ಥರಿಗೆ ಈ ಪದ ಹೊಸದಲ್ಲ. ದಿವಾಳಿಯಾದವನ ಆಸ್ತಿಯನ್ನು ಸಾಲ ಕೊಟ್ಟವರೆಲ್ಲರಿಗೂ ಅವರವರ ಬಾಕಿಯ ಪ್ರಮಾಣಕ್ಕೆ ಅನುಗುಣವಾಗಿ, ರೂಪಾಯಿಗೆ ಇಷ್ಟಾಣೆಯಂತೆ, ಹಂಚಿಕೊಡುವುದಕ್ಕೆ ಪೇಟೆಯಲ್ಲಿಯೂ ಇದೇ ಮಾತು. ಮೊದಲು ಬಂದವನಿಗೆ ಪೂರ್ಣ, ಕಡೆಯವನಿಗೆ ಶೂನ್ಯ ಎಂಬುದನ್ನು ದಾಮಾಶಾ ಒಪ್ಪುವುದಿಲ್ಲ. ಸಾಹುಕಾರನೂ ವಿಧವೆಯೂ ಒಂದೇ ದರದಲ್ಲಿ ನಷ್ಟ ಅನುಭವಿಸಬೇಕು.

ಕೆರೆಯ ಮಟ್ಟಿಗೆ ಇದು ಹೀಗೆ ನಡೆಯುತ್ತಿತ್ತು. ನೂರು ಎಕರೆ ಅಚ್ಚುಕಟ್ಟಿರುವ ಕೆರೆಯಲ್ಲಿ ಒಂದು ವರ್ಷ ನಲವತ್ತು ಎಕರೆಗೆ ಮಾತ್ರ ಸಾಕಾಗುವಷ್ಟು ನೀರು ನಿಂತಿತೆಂದು ಭಾವಿಸೋಣ. ಆಗ ತೂಬಿಗೆ ಹತ್ತಿರವಿರುವ ನಲವತ್ತು ಎಕರೆಯನ್ನು ಮಾತ್ರ ಆ ಹಂಗಾಮಿಗೆ ಗೊತ್ತುಮಾಡಿ, ಅದನ್ನು ಅಚ್ಚುಕಟ್ಟಿನ ಎಲ್ಲ ಹಿಡುವಳಿದಾರರಿಗೂ ಪ್ರಮಾಣದಂತೆ ಪಾಲು ಮಾಡುತ್ತಿದ್ದರು. ಐದು ಎಕರೆ ಉಳ್ಳವನಿಗೆ ಎರಡು ಎಕರೆ, ಒಂದೇ ಎಕರೆ ಉಳ್ಳವನಿಗೆ ಹದಿನಾರು ಗುಂಟೆ. ಆ ನೆಲದ ಒಡೆಯನು ಬೇರೊಬ್ಬನಾಗಿದ್ದರೂ ಆ ಒಂದು ಬೆಳೆಯ ಮಟ್ಟಿಗೆ ಬಿಟ್ಟುಕೊಡಬೇಕಾಗಿತ್ತು. ದೂರದ ಗದ್ದೆಗೆ ನೀರು ಹರಿಸಿದರೆ ಕಾಲುವೆಯಲ್ಲಿ ಇಂಗಿ ಪೋಲಾಗುವ ಪ್ರಮಾಣ ಹೆಚ್ಚು. ಹತ್ತಿರದ ನೆಲದಲ್ಲಿ ಎಲ್ಲರೂ ಬೆಳೆದರೆ ಅದೇ ನೀರಿಗೆ ಹೆಚ್ಚು ಧಾನ್ಯ. ನ್ಯಾಯವೂ ಉಳಿತಾಯವೂ ಇಲ್ಲಿ ಕೂಡಿಬಂದಿವೆ. ಕೊರತೆ ಇನ್ನೂ ತೀವ್ರವಾದರೆ ಭತ್ತವನ್ನು ಬಿಟ್ಟು ಅಲ್ಪ ನೀರಿನ ರಾಗಿಗೆ ಇಳಿಯುವ ನಿರ್ಣಯವನ್ನೂ ಊರೇ ಕೈಗೊಳ್ಳುತ್ತಿತ್ತು.

ಈ ನಿರ್ಣಯವನ್ನು ದಿನದಿನವೂ ನಡೆಸಿಕೊಡುತ್ತಿದ್ದವನು ನೀರಗಂಟಿ. ತೂಬನ್ನು ತೆಗೆಯುವ ಮುಚ್ಚುವ ಅಧಿಕಾರ ಅವನೊಬ್ಬನದೇ. ಗದ್ದೆಯ ಒಡೆಯನು ಎಷ್ಟೇ ಬಲ್ಲಿದನಾದರೂ ಪಾಳಿಯಿಲ್ಲದ ವೇಳೆಯಲ್ಲಿ ಮಡವೆಯನ್ನು ಕಡಿಯುವಂತಿರಲಿಲ್ಲ. ಅನೇಕ ಊರುಗಳಲ್ಲಿ ನೀರಗಂಟಿಯು ದಲಿತ ಕುಟುಂಬದವನಾಗಿದ್ದು, ಸುಗ್ಗಿಯಲ್ಲಿ ಧಾನ್ಯದ ಪಾಲನ್ನು ಪಡೆಯುತ್ತಿದ್ದನು. ಅಚ್ಚುಕಟ್ಟಿನಲ್ಲಿ ಅವನಿಗೆ ಹೇಳಿಕೊಳ್ಳುವಂತಹ ಗದ್ದೆ ಇಲ್ಲದಿರುವುದೇ ಅವನ ನಿಷ್ಪಕ್ಷಪಾತಕ್ಕೆ ಆಧಾರವೆಂದು ಊರು ಭಾವಿಸಿತ್ತು. ಈ ಮಾತಿನಲ್ಲಿ ಹಳೆಯ ವ್ಯವಸ್ಥೆಯ ಗುಣದೊಡನೆ ಅದರ ದೋಷವೂ ಅಡಗಿದೆಯೆಂಬುದನ್ನು ಮರೆಮಾಚಬಾರದು. ನೀರನ್ನು ನ್ಯಾಯವಾಗಿ ಹಂಚಿದವನಿಗೆ ನೀರಾವರಿ ನೆಲದಲ್ಲಿ ಪಾಲಿರಲಿಲ್ಲ. ಹೂಳು ಹೊತ್ತ ಕೂಲಿಗಳ ಪೈಕಿ ಬಹುಮಂದಿಗೆ ಕೆರೆಯ ಕೆಳಗೆ ಒಂದು ಗುಂಟೆಯೂ ಇರಲಿಲ್ಲ. ಅಗ್ರಹಾರ, ದೇವಾಲಯ, ಬಸದಿಗಳಿಗೆ ಬಿಟ್ಟ ದತ್ತಿಗಳು ಸಾಮಾನ್ಯವಾಗಿ ಇಂತಹ ಉತ್ತಮ ಗದ್ದೆಗಳೇ ಆಗಿದ್ದವು. ದಾಮಾಶಾ ಪದ್ಧತಿಯ ನ್ಯಾಯವು ಹಿಡುವಳಿದಾರರ ನಡುವಿನ ನ್ಯಾಯವಾಗಿತ್ತು.

ಸರಕಾರದ ಕೆರೆ

1831ರಿಂದ 1881ರವರೆಗೆ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆ ಅವಧಿಯಲ್ಲಿ ಲೋಕೋಪಯೋಗಿ ಇಲಾಖೆಯು ರೂಪುಗೊಂಡು ಕೆರೆಗಳ ದುರಸ್ತಿಯು ಕ್ರಮೇಣ ಅದರ ಕೈಸೇರಿತು. ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು ಇಲ್ಲಿಯ ಕೆರೆಗಳ ಸರಪಣಿಯನ್ನು ಕಂಡು, ಇನ್ನೊಂದು ಹೊಸ ಕೆರೆಗೆ ತಾಣವನ್ನು ಹುಡುಕುವುದೇ ಕಷ್ಟವೆಂಬರ್ಥದ ಮಾತನ್ನು ದಾಖಲಿಸಿದ್ದಾರೆ. ಇಲಾಖೆಯ ಇಂಜಿನಿಯರುಗಳಲ್ಲಿ ಸಮರ್ಥರಿದ್ದರು. ಆದರೆ ಏರಿಯ ಹೊಣೆ ಸರಕಾರದ್ದು, ನೀರು ಊರಿನದು ಎಂಬ ಭಾವನೆ ಬೆಳೆದಂತೆ ಊರಿನವರ ಶ್ರಮದಾನ ಕುಗ್ಗಿತು. ಇದನ್ನು ಸರಿಪಡಿಸಲು ಮೈಸೂರು ಸರಕಾರವು 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನನ್ನು ಜಾರಿಗೆ ತಂದು ರೈತರಿಗೇ ಹೊಣೆಯನ್ನು ಮರಳಿಸಲು ಯತ್ನಿಸಿತು.

ಸ್ವಾತಂತ್ರ್ಯಾನಂತರ 1950ರ ದಶಕದಲ್ಲಿ ಇನಾಮುಗಳ ರದ್ದತಿಯೂ 1961ರ ಕಾನೂನಿನಿಂದ ವಂಶಪಾರಂಪರ್ಯ ಗ್ರಾಮಾಧಿಕಾರಗಳ ರದ್ದತಿಯೂ ನಡೆದವು. ಉಳುವವನಿಗೆ ನೆಲವೆಂಬ ನ್ಯಾಯದ ದೃಷ್ಟಿಯಿಂದ ಇವು ಅವಶ್ಯವಾಗಿದ್ದವು. ಆದರೆ ಕೊಡಗೆಯ ಭೂಮಿಯೊಡನೆ ಅಂಟಿಕೊಂಡಿದ್ದ ಹೂಳೆತ್ತುವ, ಏರಿ ಕಾಯುವ, ತೂಬು ನೋಡುವ ಕರ್ತವ್ಯಗಳನ್ನು ಇನ್ನಾರಿಗೂ ಅಷ್ಟೇ ಖಚಿತವಾಗಿ ವಹಿಸಿದಂತೆ ಕಾಣುವುದಿಲ್ಲ. ಖಾತೆಯ ಜಮಾಪಕ್ಷವು ಹೊಸಬರ ಹೆಸರಿಗೆ ವರ್ಗವಾಯಿತು. ಖರ್ಚಿನ ಪಕ್ಷಕ್ಕೆ ಒಡೆಯರು ಇಲ್ಲದಂತಾಯಿತು. ಕರ್ನಾಟಕದ 36 ಸಾವಿರಕ್ಕೂ ಹೆಚ್ಚು ಕೆರೆಗಳ ಪೈಕಿ ಅನೇಕವು ಹೂಳು ತುಂಬಿ ಬಡವಾದುದಕ್ಕೆ ಇದು ಒಂದು ಕಾರಣ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲ ಸಂವರ್ಧನೆ ಯೋಜನೆಯು ಕೆರೆ ಬಳಕೆದಾರರ ಸಂಘಗಳನ್ನು ರಚಿಸಿ ಅದೇ ಹಳೆಯ ಹೊಣೆಯನ್ನು ಹೊಸ ಹೆಸರಿನಲ್ಲಿ ಹುಡುಕಿತು.

ಹೆಸರಘಟ್ಟದಿಂದ ನಗರಕ್ಕೆ

ಚಿಕ್ಕಬಾಣಾವರದ ಸೀಮೆಯಲ್ಲಿ ಈ ಕಥೆಗೆ ಇನ್ನೊಂದು ಎಳೆ ಸೇರುತ್ತದೆ. ಬೆಂಗಳೂರು ಪೇಟೆ ಮತ್ತು ದಂಡು ಪ್ರದೇಶಗಳು 19ನೆಯ ಶತಮಾನದಲ್ಲಿ ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳನ್ನೇ ಅವಲಂಬಿಸಿದ್ದವು. 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. ಅದೂ ಸಾಲದಾದಾಗ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯವನ್ನು ರಚಿಸಲಾಯಿತು. ಚಾಮರಾಜೇಂದ್ರ ಜಲಕಾರ್ಯವೆಂದು ಕರೆಯಲಾದ ಈ ಯೋಜನೆಯಲ್ಲಿ ನಗರಕ್ಕೆ ಮೂರು ವರ್ಷ ಸಾಕಾಗುವಷ್ಟು ನೀರನ್ನು ಕೂಡಿಡುವ ಉದ್ದೇಶವಿತ್ತು. ಹೆಸರಘಟ್ಟದ ನೀರು ಚಿಕ್ಕಬಾಣಾವರದ ನೆರೆಯ ಸೋಲದೇವನಹಳ್ಳಿಗೆ ಹರಿದುಬಂದು, ಅಲ್ಲಿಯ ಯಂತ್ರಗಾರದಿಂದ ಮೇಲಕ್ಕೆತ್ತಲ್ಪಟ್ಟು ಮಲ್ಲೇಶ್ವರದ ಶೋಧಕಗಳನ್ನು ಸೇರುತ್ತಿತ್ತು.

ಹೀಗೆ ಈ ಸೀಮೆಯಲ್ಲಿ ಎರಡು ಬಗೆಯ ನೀರು ಅಕ್ಕಪಕ್ಕದಲ್ಲಿ ಇದ್ದವು. ಒಂದು ಊರಿನ ಕೆರೆಯ ನೀರು. ಅದಕ್ಕೆ ತೂಬು, ಪಾಳಿ, ನೀರಗಂಟಿ ಎಲ್ಲ ಇದ್ದವು. ಇನ್ನೊಂದು ಕೊಳವೆಯೊಳಗಿನ ನಗರದ ನೀರು. ಅದು ಊರಿನ ಪಕ್ಕದಿಂದ ಹಾದುಹೋಗುತ್ತಿತ್ತು. ಕುಡಿಯುವ ನೀರಿಗೆ ಪ್ರಾಶಸ್ತ್ಯ ಕೊಡುವುದು ಧರ್ಮವೇ ಸರಿ. ಆದರೂ ಕೊರತೆಯ ವರ್ಷದಲ್ಲಿ ನದಿಯ ಕೆಳಭಾಗದ ಊರುಗಳಿಗೂ ನಗರಕ್ಕೂ ನಷ್ಟವನ್ನು ಹೇಗೆ ಪಾಲುಮಾಡಬೇಕೆಂಬ ದಾಮಾಶಾ ನಿಯಮವು ಕೊಳವೆಯ ನೀರಿಗೆ ಇರಲಿಲ್ಲ. ಒಂದು ಸಂಗ್ರಹ ಬತ್ತಿದರೆ ಇನ್ನೊಂದು ದೂರದ ಸಂಗ್ರಹಕ್ಕೆ ಕೈಹಾಕುವುದೇ ನಗರದ ಮಾರ್ಗವಾಯಿತು.

ಹಾಗೆಯೇ ನಡೆಯಿತು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿದಾಗ ಅರ್ಕಾವತಿಯ ಕೆಳಭಾಗದಲ್ಲಿ, ಕುಮುದ್ವತಿಯು ಅದನ್ನು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ, ಚಾಮರಾಜಸಾಗರದ ಯೋಜನೆ ಹುಟ್ಟಿ 1933ರಲ್ಲಿ ಪೂರ್ಣಗೊಂಡಿತು. 1974ರಲ್ಲಿ ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿಯ ನೀರನ್ನು ಮೇಲಕ್ಕೆತ್ತಿ ತರಲಾಯಿತು. ಹೆಸರಘಟ್ಟಕ್ಕೆ ನೀರು ತರುತ್ತಿದ್ದ ಮೇಲುಭಾಗದ ಕೆರೆಗಳ ಕಾಲುವೆಗಳು ಒತ್ತುವರಿಗೊಳಗಾಗಿ, ಸುತ್ತಲೂ ಕೊಳವೆಬಾವಿಗಳು ಹೆಚ್ಚಿ, ಅರ್ಕಾವತಿಯ ಹರಿವು ಕ್ಷೀಣಿಸಿತು. ಇದನ್ನು ತಡೆಯುವ ಸಲುವಾಗಿ ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶದ ರಕ್ಷಣೆಗೆ ಸರಕಾರವು 2003ರ ನವೆಂಬರಿನಲ್ಲಿ ಆದೇಶ ಹೊರಡಿಸಿತು. ಅಷ್ಟು ಹೊತ್ತಿಗೆ ನಗರದ ಕಣ್ಣು ಅರ್ಕಾವತಿಯಿಂದ ಕಾವೇರಿಯ ಕಡೆಗೆ ಹೊರಳಿಯಾಗಿತ್ತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಹೊರವಲಯದ ಜನರು ಟ್ಯಾಂಕರುಗಳಿಗೆ ಕಾದು ನಿಂತರು. ಅದೇ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರು ತರುವ ಕಾವೇರಿ ಐದನೆಯ ಹಂತವು ಆರಂಭವಾಯಿತು.

ನದಿಗೂ ದಾಮಾಶಾ

ನಗರವು ಕಾವೇರಿಯನ್ನು ಆಶ್ರಯಿಸಿದ ಮೇಲೆ ಚಿಕ್ಕ ಕೆರೆಯ ಪ್ರಶ್ನೆಯೇ ದೊಡ್ಡ ನದಿಯ ಪ್ರಶ್ನೆಯಾಗಿ ಎದುರು ನಿಂತಿತು. ಪೋರುಮಾಮಿಳ್ಳದ ಶಾಸನವು ಹೇಳಿದ ಗಡಿಯ ದೋಷವೂ ಅದರೊಡನೆ ಬಂದಿತು. ಮೈಸೂರು ಮತ್ತು ಮದರಾಸು ಸರಕಾರಗಳ ನಡುವೆ 1892ರಲ್ಲಿ ಆದ ಒಪ್ಪಂದದಂತೆ, ಗೊತ್ತುಪಡಿಸಿದ ನದಿಗಳಲ್ಲಿ ಮೈಸೂರು ಹೊಸ ನೀರಾವರಿ ಕಾಮಗಾರಿಗಳನ್ನು ಮದರಾಸಿನ ಪೂರ್ವ ಒಪ್ಪಿಗೆಯಿಲ್ಲದೆ ಕೈಗೊಳ್ಳುವಂತಿರಲಿಲ್ಲ. ಹಳೆಯ ಕೆರೆಗಳ ದುರಸ್ತಿಗೆ ಅವಕಾಶವಿತ್ತು. ಕನ್ನಂಬಾಡಿಯ ಅಣೆಕಟ್ಟಿನ ವಿಷಯದಲ್ಲಿ ವಿವಾದವೆದ್ದು 1914ರಲ್ಲಿ ಗ್ರಿಫಿನ್ ಅವರ ಪಂಚಾಯಿತಿ ತೀರ್ಪೂ ಆಮೇಲೆ 1924ರ ಒಪ್ಪಂದವೂ ಬಂದವು. ಈ ಒಪ್ಪಂದಗಳಲ್ಲಿ ಅಣೆಕಟ್ಟಿನ ಗಾತ್ರ, ನೀರಾವರಿಯ ವಿಸ್ತೀರ್ಣಗಳ ಲೆಕ್ಕ ವಿವರವಾಗಿದೆ.

1990ರಲ್ಲಿ ನೇಮಕಗೊಂಡ ಕಾವೇರಿ ನ್ಯಾಯಾಧಿಕರಣವು 1991ರ ಜೂನ್ 25ರ ಮಧ್ಯಂತರ ಆದೇಶದಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ದೊರೆಯುವಂತೆ ಮಾಡಬೇಕೆಂದು ವಿಧಿಸಿತು. ಮಳೆ ಕಡಿಮೆಯಾದ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬ ಸೂತ್ರ ಅದರಲ್ಲಿ ಇರಲಿಲ್ಲವಾಗಿ 1995, 2002ರಂತಹ ವರ್ಷಗಳಲ್ಲಿ ಎರಡೂ ಕಡೆಯ ರೈತರು ಸಂಕಟಪಟ್ಟರು. 2007ರ ಫೆಬ್ರವರಿ 5ರ ಅಂತಿಮ ತೀರ್ಪು ಒಟ್ಟು 740 ಟಿಎಂಸಿ ಅಡಿ ನೀರಿನಲ್ಲಿ ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿ, ಸಂಕಷ್ಟದ ವರ್ಷದಲ್ಲಿ ಈ ಪಾಲುಗಳು ಪ್ರಮಾಣಾನುಸಾರ ಇಳಿಯಬೇಕೆಂದು ಹೇಳಿತು. ನ್ಯಾಯಾಧಿಕರಣದ ಭಾಷೆ ಬೇರೆಯಾದರೂ ತತ್ತ್ವ ದಾಮಾಶಾದ್ದೇ ಆಗಿದೆ.

2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿ ಹೆಚ್ಚಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗಾಗಿ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆಯೆಂಬ ಕಾರಣದಿಂದ ನ್ಯಾಯಾಧಿಕರಣವು ನಗರಕ್ಕೆ ಅಲ್ಪ ಪ್ರಮಾಣವನ್ನು ಗಣಿಸಿತ್ತು; ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ದಿಣ್ಣೆಯ ಯಾವ ಪಾರ್ಶ್ವದಲ್ಲಿ ಮನೆಯಿದೆ ಎಂಬುದರಿಂದ ಬಾಯಾರಿಕೆಯ ಹಕ್ಕು ನಿರ್ಣಯವಾಗಬಾರದೆಂಬುದು ನ್ಯಾಯವೇ. ಆದರೆ ಹಾಗೆ ಪಡೆದ ನೀರಿಗೆ ಪ್ರತಿಯಾಗಿ ತನ್ನ ದಿಣ್ಣೆಯ ಎರಡೂ ಪಾರ್ಶ್ವಗಳಲ್ಲಿ ಇದ್ದ ಸ್ವಂತ ಸಂಗ್ರಹವನ್ನು ನಗರವು ಹೇಗೆ ನೋಡಿಕೊಂಡಿತು? ಧರ್ಮಾಂಬುಧಿ ಕೆರೆಯ ತಾಣದಲ್ಲಿ ಬಸ್ ನಿಲ್ದಾಣವಿದೆ; ಸಂಪಂಗಿ ಕೆರೆಯ ತಾಣದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉಳಿದ ಕೆರೆಗಳನ್ನು ರಕ್ಷಿಸಲು 1986ರಲ್ಲಿ ಲಕ್ಷ್ಮಣರಾವ್ ಸಮಿತಿಯು ಸಲಹೆಗಳನ್ನಿತ್ತ ನಂತರವೂ ಕಾಲುವೆಗಳ ಒತ್ತುವರಿ, ಕೊಳಚೆಯ ಪ್ರವೇಶ ನಿಲ್ಲಲಿಲ್ಲ.

ಕಾಣದ ಕೆರೆ

ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತದೆ. ತೂಬಿನ ಕಂಬದ ಮೇಲಿನ ಗುರುತು ಎಷ್ಟು ಮುಳುಗಿದೆಯೆಂಬುದನ್ನು ದನ ಕಾಯುವ ಹುಡುಗನೂ ಹೇಳಬಲ್ಲ. ಆದ್ದರಿಂದ ಕೊರತೆಯನ್ನು ಒಪ್ಪಿಸಲು ಯಾರಿಗೂ ಉಪದೇಶ ಬೇಕಾಗಿರಲಿಲ್ಲ. ನೆಲದ ಕೆಳಗಿನ ನೀರು ಹಾಗಲ್ಲ. ಅದೂ ಒಂದು ಸಾಮೂಹಿಕ ಸಂಗ್ರಹವೇ. ಆದರೆ ತನ್ನ ನಿವೇಶನದಲ್ಲಿ ಕೊರೆದ ಕೊಳವೆಯಿಂದ ಬಂದದ್ದು ತನ್ನದೇ ಎಂದು ಪ್ರತಿಯೊಬ್ಬನೂ ಭಾವಿಸುತ್ತಾನೆ. ನೆರೆಯವನು 600 ಅಡಿ ಕೊರೆದರೆ ಇವನು 900 ಅಡಿ ಕೊರೆಯುತ್ತಾನೆ. ಇದು ದಾಮಾಶಾಕ್ಕೆ ನೇರ ವಿರುದ್ಧವಾದ ನಿಯಮ. ಇಲ್ಲಿ ಆಳಕ್ಕೆ ಹೋಗುವ ಬಂಡವಾಳ ಉಳ್ಳವನಿಗೆ ಪೂರ್ಣ, ಇಲ್ಲದವನಿಗೆ ಶೂನ್ಯ. 2011ರ ಕರ್ನಾಟಕ ಅಂತರ್ಜಲ ಕಾನೂನು ಪರವಾನಗಿಯ ಕಟ್ಟುಪಾಡನ್ನು ತಂದಿದೆಯಾದರೂ, ತನ್ನ ಮಿತಿಯನ್ನು ತಾನೇ ಅರಿಯದವನನ್ನು ಕಾನೂನು ಎಷ್ಟರಮಟ್ಟಿಗೆ ತಡೆಯಬಲ್ಲುದು?

ಶ್ರಾವಕಾಚಾರಗಳನ್ನು ಬರೆದ ಆಚಾರ್ಯರು ಈ ವಿಷಯದಲ್ಲಿ ಮೌನವಾಗಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳ ಪೈಕಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನೆಲವನ್ನೂ ನೀರನ್ನೂ ನಿಷ್ಪ್ರಯೋಜನವಾಗಿ ಕೆಡಿಸುವುದನ್ನು ಸೇರಿಸಿದೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗವು ಶ್ರಾವಕನು ಮಾಡಬಾರದ ಹದಿನೈದು ಉದ್ಯೋಗಗಳನ್ನು ಹೇಳುವಲ್ಲಿ ಸರೋವರ, ಮಡು, ಕೆರೆಗಳನ್ನು ಬತ್ತಿಸುವುದನ್ನು ಎಣಿಸಿದೆ. 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಇಂತಹ ಕ್ರೂರ ಉದ್ಯೋಗಗಳ ಪ್ರಸ್ತಾಪವಿದೆ. ಕೆರೆಯನ್ನು ಬತ್ತಿಸಿ ಅದರ ಅಂಗಳದಲ್ಲಿ ಬಿತ್ತುವುದು ಆಗಿನ ಲಾಭ. ಬತ್ತಿದ ಕೆರೆಯ ಅಂಗಳದಲ್ಲಿ ನಿವೇಶನ ಮಾಡುವುದು ಈಗಿನ ಲಾಭ. ಜಲಚರಗಳ ಹಿಂಸೆಯು ಆಚಾರ್ಯರ ಮೊದಲ ಕಾರಣ. ಎಲ್ಲರಿಗೂ ಸೇರಿದ ಸಂಗ್ರಹವನ್ನು ಒಬ್ಬನ ಲಾಭಕ್ಕಾಗಿ ಕಳೆಯುವ ಲೋಭವೂ ಅದರೊಡನೆಯೇ ಇದೆ.

ದತ್ತಿ ಸಂಸ್ಥೆಗಳ ಕರ್ತವ್ಯ

ದೇವಾಲಯ, ಬಸದಿಗಳ ಆಡಳಿತ ಮಂಡಳಿಗಳಿಗೆ ಈ ಇತಿಹಾಸದಿಂದ ಕೆಲವು ಕಾರ್ಯಗಳು ಸ್ಪಷ್ಟವಾಗುತ್ತವೆ. ಅನೇಕ ಸಂಸ್ಥೆಗಳ ಹಳೆಯ ಕಾಗದಪತ್ರಗಳಲ್ಲಿ ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ ದತ್ತಿಯಾಗಿತ್ತೆಂಬ ವಿವರವಿದೆ. ಗದ್ದೆ ಈಗ ಕೈತಪ್ಪಿರಬಹುದು; ಆದರೆ ಆ ಕೆರೆಯ ಹೆಸರು, ಕಾಲುವೆಯ ದಿಕ್ಕು, ಕೋಡಿಯ ಸ್ಥಳ ಆ ಪತ್ರಗಳಲ್ಲಿ ಉಳಿದಿರುತ್ತವೆ. ಅವನ್ನು ನಕಲು ಮಾಡಿಸಿ ಗ್ರಾಮದ ಅಳತೆಯ ನಕ್ಷೆಯೊಡನೆ ಹೋಲಿಸಿ ನೋಡಿದರೆ ಒತ್ತುವರಿಯ ವಿವಾದಗಳಲ್ಲಿ ಊರಿಗೆ ಸಾಕ್ಷ್ಯ ದೊರೆಯುತ್ತದೆ. ಶತಮಾನಗಳ ಕಾಲ ಕೆರೆಯ ಕೆಳಗಿನ ಅಕ್ಕಿಯಿಂದ ನೈವೇದ್ಯ ನಡೆಸಿದ ಸಂಸ್ಥೆಗೆ ಇದು ಸಲ್ಲಿಸಬೇಕಾದ ಋಣವೂ ಹೌದು. ಎರಡನೆಯದಾಗಿ ಕಲ್ಯಾಣಿಗಳಿಗೆ ಬರುವ ಮಳೆಯ ದಾರಿಗಳನ್ನು ಬಿಡಿಸುವುದು, ಯಾತ್ರಿನಿವಾಸಗಳ ಮಾಳಿಗೆಯ ನೀರನ್ನು ಇಂಗಿಸುವುದು. ಮೂರನೆಯದಾಗಿ ಸಂಸ್ಥೆಯ ಕೊಳವೆಬಾವಿಯಿಂದ ತೆಗೆದ ನೀರಿನ ಲೆಕ್ಕವನ್ನು ಹಣದ ಲೆಕ್ಕದಂತೆಯೇ ಇಡುವುದು, ಮತ್ತು ಕೊರತೆಯ ವರ್ಷದಲ್ಲಿ ಉತ್ಸವದ ಬಳಕೆಯನ್ನು ಊರಿನ ಬಳಕೆ ಇಳಿದ ದರದಲ್ಲಿಯೇ ಇಳಿಸುವುದು.

ಚಿಕ್ಕಬಾಣಾವರದ ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತದ ಬೆಳೆ ಮತ್ತೆ ಬರಲಾರದು. ಗದ್ದೆಗಳು ಮನೆಗಳಾಗಿವೆ. ಆದರೂ ಅಲ್ಲಿ ನಿಲ್ಲುವ ನೀರು ಶುದ್ಧವಾಗಿದ್ದರೆ ಸುತ್ತಲಿನ ನೆಲದೊಳಗೆ ಇಂಗಿ ಅದೇ ಮನೆಗಳ ಬಾವಿಗಳಿಗೆ ಸಿಗುತ್ತದೆ. ಕೊಳಚೆಯಾದರೆ ಅದೂ ಅಲ್ಲಿಗೇ ಇಳಿಯುತ್ತದೆ. ಅಚ್ಚುಕಟ್ಟು ನೆಲದ ಮೇಲಿನಿಂದ ಕೆಳಕ್ಕೆ ಸರಿದಿದೆ, ಪಾಲುದಾರರ ಸಂಖ್ಯೆ ಬೆಳೆದಿದೆ. ಕೆರೆಯ ಹೊಣೆ ಹೊರಬೇಕಾದವರು ಈ ಹೊಸ ಪಾಲುದಾರರೇ.

ವ್ಯಾಪಾರಸ್ಥ ಕುಟುಂಬಗಳು ಮಹಾವೀರ ನಿರ್ವಾಣದ ದೀಪಾವಳಿಯಂದು ಹಳೆಯ ಖಾತೆಯನ್ನು ಮುಗಿಸಿ ಹೊಸ ಪುಸ್ತಕವನ್ನು ಆರಂಭಿಸುವುದು ರೂಢಿ. ಊರಿನ ಹಿರಿಯರು ಏರಿಯ ಮೇಲೆ ನಿಂತು ಆ ವರ್ಷದ ನೀರನ್ನು ಅಳೆದು ಪಾಲು ಗೊತ್ತುಮಾಡುತ್ತಿದ್ದ ಕಾಲವೂ ಅದೇ ಕಾರ್ತೀಕದ ಆಸುಪಾಸಿನದು. ಹೊಸ ಪುಸ್ತಕದ ಮೊದಲ ಪುಟದಲ್ಲಿ ಹಣದ ಶಿಲ್ಕಿನ ಕೆಳಗೆ ಬಾವಿಯ ನೀರು ಎಷ್ಟು ಅಡಿಗೆ ನಿಂತಿದೆಯೆಂಬ ಒಂದು ಸಾಲನ್ನು ಬರೆಯುವುದಕ್ಕೆ ಖರ್ಚೇನೂ ಇಲ್ಲ. ಆ ಸಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ನಷ್ಟವನ್ನು ಯಾರು ಎಷ್ಟು ಹೊರಬೇಕೆಂಬ ಮಾತನ್ನು ಮನೆಯಲ್ಲಿ, ಬೀದಿಯಲ್ಲಿ, ಸಂಸ್ಥೆಯ ಸಭೆಯಲ್ಲಿ ಎತ್ತಬಹುದು.